ಇಳಕಲ್ಲಿನ ಮೂರನೆಯ ಕಮಾನು

ಮೊಮ್ಮಗಳ ಮದುವೆಗೆ ಸೀರೆ ತರಲೆಂದು ಹೋದ ವರ್ಷ ಇಳಕಲ್ಲಿಗೆ ಹೋಗಿದ್ದೆ. ಸೀರೆ ಅಂಗಡಿಯಲ್ಲಿ ಹೆಂಗಸರು ಸೆರಗು ಬಿಚ್ಚಿಸಿಕೊಂಡು ಕೂತರೆ ಗಂಡಸರಿಗೆ ಅಲ್ಲಿ ಗೋಡೆಗಿರುವ ಬೆಲೆಯೂ ಇರುವುದಿಲ್ಲ. ಬೇಸತ್ತು ಹೊರಗೆ ಬಂದೆ. ಓಣಿಯ ತಿರುವಿನಲ್ಲಿ ಯಾರೋ ಮನೆಗೆ ಸುಣ್ಣ ಅರಳಿಸುತ್ತಿದ್ದರು. ಮಣ್ಣಿನ ದೊಡ್ಡ ಹರವಿಯಲ್ಲಿ ಸುಣ್ಣ ಕೊತಕೊತ ಕುದಿಯುತ್ತಿತ್ತು, ಪಕ್ಕದ ಕೊಡದಲ್ಲಿ ಅದಕ್ಕೆ ಬೆರೆಸುವ ಬೆಲ್ಲದ ನೀರಿತ್ತು. ಎರಡರ ವಾಸನೆ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ಕಾಲು ತಾನಾಗಿಯೇ ಹಳೆಯ ದವಾಖಾನೆಯ ಕಡೆ ತಿರುಗಿತು. ಅಲ್ಲಿಗೆ ಹೋಗಬಾರದೆಂದು ಊರು ಬಿಟ್ಟ ದಿನವೇ ನಿರ್ಧರಿಸಿದ್ದೆ.

ಆ ದವಾಖಾನೆ ನಾನು ಕಟ್ಟಿಸಿದ್ದು. ದೊಡ್ಡ ಬರ ಕಳೆದು ಕೆಲವು ವರ್ಷವಾಗಿತ್ತು, ಪ್ಲೇಗು ಊರೂರು ತಿರುಗಿ ಜನರನ್ನು ಅರ್ಧ ಮಾಡಿ ಹೋಗಿತ್ತು. ನನಗೆ ಆಗ ಇಪ್ಪತ್ತಾರು. ಪುಣೆಯಲ್ಲಿ ಓದಿ ಓವರಸಿಯರ್ ಆಗಿ ಬಾಗಲಕೋಟೆಗೆ ಬಂದವನು, ಅಲ್ಲಿಂದ ಹುನಗುಂದದ ಮೇಲೆ ಎತ್ತಿನ ಗಾಡಿಯಲ್ಲಿ ಇಳಕಲ್ಲಿಗೆ ಬಂದೆ. ತಲೆಯಲ್ಲಿ ಪುಸ್ತಕ ತುಂಬಿತ್ತು, ಮೈಯಲ್ಲಿ ಸೊಕ್ಕು ತುಂಬಿತ್ತು. ಒಳ್ಳೆಯವನಾಗಿದ್ದೆ, ಕಾಲ ಕೆಟ್ಟದಾಗಿತ್ತು ಎಂದು ಬರೆಯಬಹುದು. ನನ್ನ ವಯಸ್ಸಿನವರು ಹಾಗೆಯೇ ಬರೆಯುತ್ತಾರೆ. ನಾನು ಒಳ್ಳೆಯವನಾಗಿರಲಿಲ್ಲ.

ಮೂರು ಕೋಣೆಗಳ ದವಾಖಾನೆ. ಮಾಳಿಗೆಗೆ, ಅಂದರೆ ಚಾವಣಿಗೆ, ಸಾಗವಾನಿ ತೊಲೆ ತರಿಸುವಷ್ಟು ಮಂಜೂರಾತಿ ಇರಲಿಲ್ಲ. ಆಗ ನನಗೊಂದು ವಿಚಾರ ಹೊಳೆಯಿತು. ಕಾಂಕ್ರೀಟು ಎಂದರೆ ಸಿಮೆಂಟು ಎಂದೇ ತಿಳಿದಿರುವ ಈಗಿನ ಹುಡುಗರಿಗೆ ಹೇಳಿದರೆ ನಕ್ಕಾರು. ನಾವು ಮಾಡಿದ್ದೂ ಕಾಂಕ್ರೀಟೇ, ಆದರೆ ಊರು ಬೇಡವೆಂದು ಎಸೆದದ್ದರಿಂದ ಮಾಡಿದ್ದು. ಕುಂಬಾರರ ಆವಿಗೆಯಲ್ಲಿ ಒಡೆದ ಹಂಚು, ಇಟ್ಟಂಗಿಯ ಚೂರು, ಕಣದಲ್ಲಿ ಉಳಿದ ನವಣೆ ಸಜ್ಜೆಯ ಹೊಟ್ಟು ಸುಟ್ಟ ಬೂದಿ, ಇವನ್ನು ಸುಣ್ಣದೊಂದಿಗೆ ಅರೆದು ಕಲಸಿ, ಕಟ್ಟಿಗೆಯ ಆಧಾರದ ಮೇಲೆ ಕಮಾನಿನಂತೆ ಸುರಿದು, ಹೆಂಗಸರು ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡುವುದು. ತಿಂಗಳು ಬಿಟ್ಟು ಕೆಳಗಿನ ಕಟ್ಟಿಗೆ ತೆಗೆದರೆ ಕಮಾನು ತಾನೇ ನಿಲ್ಲಬೇಕು. ಹಾಗೆಂದು ನನ್ನ ಮೇಲಧಿಕಾರಿಯಾದ ಬಿಳಿಯ ದೊಡ್ಡ ಸಾಹೇಬರಿಗೆ ಉದ್ದ ಪತ್ರ ಬರೆದೆ. ಕಸದಿಂದ ಮಾಳಿಗೆ ಕಟ್ಟುವ ಈ ಕ್ರಮ ನಾನೇ ಕಂಡುಹಿಡಿದದ್ದು ಎಂಬಂತೆ ಬರೆದಿದ್ದೆ. ನಿಜವೆಂದರೆ ಅದರ ಅರ್ಧಕ್ಕಿಂತ ಹೆಚ್ಚು ಮೌಲಾಸಾಬ ಗೌಂಡಿಯ ಬಾಯಿಂದ ಬಂದದ್ದು.

ಮೌಲಾಸಾಬ ಆ ಸೀಮೆಗೆಲ್ಲ ಹೆಸರಾದ ಗೌಂಡಿ, ಗಾರೆಕೆಲಸದವನು. ಅರವತ್ತರ ಹತ್ತಿರದ ವಯಸ್ಸು, ಉದ್ದನೆಯ ಆಳು, ಗಡ್ಡಕ್ಕೂ ಸುಣ್ಣಕ್ಕೂ ಬಣ್ಣದ ವ್ಯತ್ಯಾಸವಿರಲಿಲ್ಲ. ಹೊಟ್ಟನ್ನು ಹೇಗೆ ಸುಡಬೇಕೆಂದು ನನಗೆ ಕಲಿಸಿದವನು ಅವನೇ. ಗುಂಪಿ ಮಾಡಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ, ನಾಲ್ಕು ದಿನ ಒಳಗೊಳಗೇ ಕಮರಲು ಬಿಡಬೇಕು.

"ಉರಿ ಏಳಬಾರದ್ರಿ ಸಾಹೇಬ್ರ," ಎನ್ನುತ್ತಿದ್ದ. "ಉರಿ ಎದ್ರ ಬೂದಿ ಸಾಯತೈತಿ. ಸತ್ತ ಬೂದಿ ಸುಣ್ಣದ ಕೂಡ ಸಂಸಾರ ಮಾಡೂದಿಲ್ಲ."

ಆದರೆ ಅವನ ಹೆಸರು ನಿಂತದ್ದು ನಾಲಿಗೆಯ ಮೇಲೆ. ಬೂದಿಯ ಪ್ರತಿ ಚೀಲ ಬಿಚ್ಚಿದಾಗಲೂ ಬಾಯಿ ಮುಕ್ಕಳಿಸಿ, ಒಂದು ಚಿಟಿಕೆ ನಾಲಿಗೆಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಉಗುಳಿ "ಹಾಕ್ರಿ" ಎಂದರೆ ಮಾತ್ರ ಸುಣ್ಣದ ಗಚ್ಚು ಅರೆಯುವ ಗಾಣದ ಎತ್ತುಗಳು ಹೆಜ್ಜೆ ಎತ್ತುತ್ತಿದ್ದವು. "ಒಗೀರಿ" ಎಂದರೆ ಚೀಲ ತಿಪ್ಪೆಗೆ. ಉಪ್ಪು, ಸವಳು, ಕ್ಷಾರ ಇದ್ದ ಬೂದಿ ಗಚ್ಚನ್ನು ಹಿಡಿಯಗೊಡುವುದಿಲ್ಲ, ಅದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ಕಾಣುತ್ತದೆ. ಆ ಕಡೆಯ ಗೌಂಡಿಗಳಲ್ಲಿ ಇದು ದೊಡ್ಡ ಗೌರವ. ನಾಲ್ಕಾರು ಹಳ್ಳಿಯವರು ಬೂದಿ ತಂದು ಅವನ ನಾಲಿಗೆಗೆ ತೋರಿಸಿ ಹೋಗುತ್ತಿದ್ದರು.

ಅವರಲ್ಲಿ ಇನ್ನೊಂದು ಪದ್ಧತಿಯಿತ್ತು. ಕಮಾನಿನ ಕೆಳಗಿನ ಕಟ್ಟಿಗೆ ತೆಗೆಯುವ ದಿನ ಗೌಂಡಿ ಅದರ ನಟ್ಟನಡುವೆ ಕೂತು ಒಂದು ರೊಟ್ಟಿ ತಿನ್ನಬೇಕು. ಆಳುಗಳು ಹೊರಗೆ ನಿಂತು ಹಗ್ಗದಿಂದ ಒಂದೊಂದೇ ಕಟ್ಟಿಗೆ ಎಳೆಯುತ್ತಿದ್ದರೆ ಅವನು ಒಂದೊಂದೇ ತುತ್ತು ಮುರಿಯಬೇಕು. ರೊಟ್ಟಿ ಮುಗಿಯುವುದರೊಳಗೆ ಎದ್ದು ಬಂದರೆ ಕಟ್ಟಿದ್ದರ ಮೇಲೆ ಅವನಿಗೇ ನಂಬಿಕೆ ಇಲ್ಲವೆಂದು ಅರ್ಥ. ಅಂಥವನನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಸುರಿದ ಮೊದಲ ಎರಡು ಕಮಾನುಗಳು ಚೆನ್ನಾಗಿ ಕೂತವು. ಮೌಲಾಸಾಬ ಎರಡರ ಕೆಳಗೂ ರೊಟ್ಟಿ ತಿಂದು, ಮೀಸೆ ಒರೆಸಿಕೊಂಡು ಹೊರಗೆ ಬಂದ. ಆಳುಗಳು ಅವನ ಕಾಲು ಮುಟ್ಟಿದರು. ನನಗೆ ಒಬ್ಬರೂ ಏನೂ ಹೇಳಲಿಲ್ಲ. ನನ್ನ ಹೊಟ್ಟೆಕಿಚ್ಚು ಅವತ್ತೇ ಹೊತ್ತಿಕೊಂಡಿರಬೇಕು.

ಮೂರನೆಯದಕ್ಕೆ ಬೂದಿ ಸಾಲದಾಯಿತು. ರೈತರು ಉಳಿದ ಹೊಟ್ಟನ್ನು ದನಗಳಿಗೆ ಇಟ್ಟುಕೊಂಡರು. ಬರ ಕಂಡವರು ಹೊಟ್ಟು ಸುಡಲು ಎಷ್ಟು ಸಲ ಕೊಟ್ಟಾರು? ಇತ್ತ ದೊಡ್ಡ ಸಾಹೇಬರು ಹೋಳಿ ಹುಣ್ಣಿಮೆಯ ನಂತರ ನೋಡಲು ಬರುತ್ತೇನೆಂದು ಬರೆದಿದ್ದರು. ಆಗ ನನ್ನ ಕಣ್ಣಿಗೆ ಬಿದ್ದದ್ದು ಬಣ್ಣಗಾರರ ಭಟ್ಟಿ. ನೂಲಿಗೆ ಬಣ್ಣ ಕುದಿಸಲು ಅವರು ವರ್ಷವಿಡೀ ಹತ್ತಿಕಟ್ಟಿಗೆ ಉರಿಸುತ್ತಿದ್ದರು, ಬೂದಿ ಹಿತ್ತಲಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಬಟ್ಟೆಯಲ್ಲಿ ಸೋಸಿದರೆ ನೋಡಲು ಹೊಟ್ಟಿನ ಬೂದಿಯ ಹಾಗೆಯೇ ಇತ್ತು. ಬೂದಿ ಬೂದಿಯೇ, ಎಂದುಕೊಂಡೆ. ಊರಿನ ಕಸವನ್ನೆಲ್ಲ ಮಾಳಿಗೆಗೆ ಏರಿಸಿದ ಜಾಣ ಎಂದು ನನ್ನ ಹೆಸರು ಮುಂಬೈಯವರೆಗೆ ಹೋಗುವುದು ಕಾಣುತ್ತಿತ್ತು.

ಎರಡು ಚೀಲ ತರಿಸಿ ಮೌಲಾಸಾಬನ ಮುಂದೆ ಇಳಿಸಿದೆ. ಅವನು ನಾಲಿಗೆಗಿಟ್ಟ, ಕಣ್ಣು ಮುಚ್ಚಿದ, ಉಗುಳಿದ.

"ಒಗೀರಿ."

"ಯಾಕ?" ಎಂದೆ.

"ಕ್ಷಾರ ಐತ್ರಿ. ಅರಿವಿ ಒಗ್ಯಾಕ ಛಲೋ, ಮಾಳಿಗಿಗೆ ಅಲ್ಲ."

ಕೊಡತಿ ಹಿಡಿದ ಹೆಂಗಸರು ಕಿಸಕ್ಕೆಂದು ನಕ್ಕರು. ಯಾರೋ ಹಿಂದಿನಿಂದ, "ಸಾಹೇಬ್ರು ಧೋತ್ರ ಒಗೀತಾರ ಬಿಡ್ರೇ," ಎಂದಳು. ಆ ನಗು ನನ್ನ ಕಿವಿಯಲ್ಲಿ ತಿಂಗಳುಗಟ್ಟಲೆ ಇತ್ತು. ಒಬ್ಬ ಮುದುಕನ ನಾಲಿಗೆಯ ಮುಂದೆ ನನ್ನ ಪುಣೆಯ ಓದು ಮೂರು ಕಾಸಿನದಾಯಿತು.

ಆದರೆ ಆ ದಿನ ನಾನೊಂದು ಕಂಡಿದ್ದೆ. ಉಗುಳುವ ಮುಂಚೆ ಮೌಲಾಸಾಬ ಕಣ್ಣು ತೆರೆದು ಹೆಂಡತಿಯ ಕಡೆ ನೋಡಿದ್ದ.

ಹೆಂಡತಿ ಖಾಜಾಬಿ ಬೂದಿ ಸೋಸುವ ಕೆಲಸಕ್ಕಿದ್ದಳು. ಕುಳ್ಳಗೆ, ಚುರುಕಾಗಿ, ಮಾತು ಕಡಿಮೆ. ಮುಂದಿನ ನಾಲ್ಕು ದಿನ ನಾನು ಬೇರೆ ಕೆಲಸ ಬಿಟ್ಟು ಅವಳನ್ನೇ ಗಮನಿಸಿದೆ. ಚೀಲ ಬಿಚ್ಚಿದಾಗ ಸೆರಗಿನ ಮರೆಯಲ್ಲಿ ಬೆರಳು ಬಾಯಿಗೆ ಹೋಗುತ್ತಿತ್ತು. ಬೂದಿ ಒಳ್ಳೆಯದಿದ್ದರೆ ಕೇರುವ ಮೊರವನ್ನು ಬೋರಲು ಹಾಕುತ್ತಿದ್ದಳು. ಕೆಟ್ಟದಿದ್ದರೆ ಅಂಗಾತ ಇಡುತ್ತಿದ್ದಳು. ಮೌಲಾಸಾಬ ಮೊರ ನೋಡಿ ತೀರ್ಪು ಕೊಡುತ್ತಿದ್ದ. ಬದುಕೆಲ್ಲ ಸುಣ್ಣ, ತಂಬಾಕು ತಿಂದು, ಮೇಲೆ ಒಮ್ಮೆ ಕುದಿಯುವ ಸುಣ್ಣ ಬಾಯಿಗೆ ಸಿಡಿದು, ಅವನ ನಾಲಿಗೆ ಯಾವಾಗಲೋ ಸತ್ತುಹೋಗಿತ್ತು. ಅದು ಅವರಿಬ್ಬರಿಗೆ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಮಗ ಇಮಾಮ ಅದೇ ಕೆಲಸದಲ್ಲಿ ಕರಣೆ ಹಿಡಿಯುತ್ತಿದ್ದ, ಅವನಿಗೂ ಗೊತ್ತಿರಲಿಲ್ಲ.

ಈಗ ಕೇಳುವವರಿಗೆ ಕರುಣೆ ಬರಬಹುದು. ಗಂಡನ ಮರ್ಯಾದೆಯನ್ನು ಒಂದು ಮೊರದ ಕೆಳಗೆ ಮುಚ್ಚಿಟ್ಟ ಹೆಂಗಸು. ನನಗೆ ಬಂದದ್ದು ಖುಷಿ. ಸಿಕ್ಕಿಬಿದ್ದೆ ಮಗನೇ, ಎಂದುಕೊಂಡೆ. ನನ್ನ ತಂದೆಯ ವಯಸ್ಸಿನವನ ಬಗ್ಗೆ ಹಾಗೆಯೇ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಖಾಜಾಬಿಯನ್ನು ಕರೆದು, "ಇವತ್ತಿನಿಂದ ನೀ ಬೂದಿ ಕಡೆ ಬರಬ್ಯಾಡ. ಭಾವಿಯಿಂದ ನೀರು ತರೂ ಕೆಲಸ ಮಾಡು," ಎಂದೆ.

ಅವಳ ಮುಖ ಕಪ್ಪಿಟ್ಟಿತು. "ಸಾಹೇಬ್ರ, ಸೋಸೂದು ನನಗ ರೂಢಿ ಐತ್ರಿ. ಬ್ಯಾರೇದವ್ರು ಸರಿ ಸೋಸೂದಿಲ್ರಿ."

"ಬೂದಿ ಸೋಸಾಕ ಏನು ದೊಡ್ಡ ವಿದ್ಯಾ ಬೇಕು? ನಾಲಿಗಿ ಅಂತೂ ನಿನ್ನ ಗಂಡಂದ ಐತಲ್ಲ."

ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು. ಕೊಡ ಎತ್ತಿಕೊಂಡು ಹೋದಳು. ಭಾವಿ ಊರಾಚೆ ಇತ್ತು, ಅಲ್ಲಿಂದ ಬರುವಷ್ಟರಲ್ಲಿ ಚೀಲ ಬಿಚ್ಚಿ ಆಗಿರುತ್ತಿತ್ತು.

ಅದೇ ದಿನ ಭಟ್ಟಿಯ ಬೂದಿಯನ್ನು ನಾನೇ ನಿಂತು ಹೊಟ್ಟಿನ ಬೂದಿಯ ಗುರುತಿದ್ದ ಚೀಲಗಳಲ್ಲಿ ತುಂಬಿಸಿದೆ. ತುಂಬಿದ ಆಳುಗಳು ಬೇರೆ ಊರಿನವರು, ಸಂಜೆಗೆ ಹೊರಟುಹೋದರು. ಮೊದಲು ನಾನು ಮಾಡಬೇಕೆಂದಿದ್ದು ಒಂದು ತಮಾಷೆ. ಮೌಲಾಸಾಬ "ಹಾಕ್ರಿ" ಎನ್ನಬೇಕು, ನಾನು ಎಲ್ಲರೆದುರು ಚೀಲದ ಗುಟ್ಟು ಬಿಚ್ಚಬೇಕು, ಆ ಹೆಂಗಸರು ಈ ಸಲ ಅವನನ್ನು ನೋಡಿ ನಗಬೇಕು.

ಮೌಲಾಸಾಬ ಬಾಯಿ ಮುಕ್ಕಳಿಸಿದ. ಚಿಟಿಕೆ ಇಟ್ಟ. ಕಣ್ಣು ತೆರೆದು ಮೊರ ಇರುತ್ತಿದ್ದ ಜಾಗ ನೋಡಿದ. ಅಲ್ಲಿ ಬೇರೊಬ್ಬ ಹೆಂಗಸು ಆಕಳಿಸುತ್ತ ಕೂತಿದ್ದಳು. ಎತ್ತುಗಳು ಕಿವಿ ಬಡಿದವು. ಅವನು ಚೀಲದ ಮೇಲಿನ ಗುರುತು ನೋಡಿ, ನನ್ನ ಮುಖ ನೋಡಿ ಕೇಳಿದ:

"ಇದು ಹೊಟ್ಟಿನ ಬೂದಿ ಹೌದಲ್ರಿ ಸಾಹೇಬ್ರ?"

ಅವನು ನನ್ನನ್ನು ನಂಬಿ ಕೇಳಿದ. ಕುರುಡ ರಸ್ತೆ ದಾಟುವಾಗ ಪಕ್ಕದವನನ್ನು ಕೇಳುವ ಹಾಗೆ ಕೇಳಿದ.

"ಮತ್ತೇನು? ನೀ ರುಚಿ ನೋಡಿದಿಯಲ್ಲ," ಎಂದೆ.

"ಹಾಕ್ರಿ," ಎಂದ.

ಗಾಣ ತಿರುಗಿತು. ನಾನು ಬಾಯಿ ತೆರೆಯಬೇಕಾದ ಗಳಿಗೆ ಅದು. ತೆರೆಯಲಿಲ್ಲ. ಈಗ ಹೇಳಿದರೆ ಮತ್ತೆ ಹೊಟ್ಟು ಹುಡುಕಬೇಕು, ಸಾಹೇಬರ ದಿನ ತಪ್ಪುತ್ತದೆ, ಎಂಬ ಲೆಕ್ಕ ಹಾಕಿದೆ. ಅಲ್ಲದೆ ಬೂದಿ ಬೂದಿಯೇ ಎಂದು ನನಗೆ ನಂಬಿಕೆ ಇತ್ತಲ್ಲ. ಮೂರನೆಯ ಕಮಾನಿನ ಪೂರ್ತಿ ಗಚ್ಚು ಆ ಬೂದಿಯಲ್ಲೇ ಅರೆದಾಯಿತು. ಒಂದೊಂದು ಚೀಲಕ್ಕೂ ಮೌಲಾಸಾಬ ನನ್ನ ಮುಖ ನೋಡಿದ, ಒಂದೊಂದು ಸಲವೂ ನಾನು ತಲೆಯಾಡಿಸಿದೆ.

ಹೆಂಗಸರು ಏಳು ದಿನ ಬಡಿದರು. ಮೊದಲ ಎರಡು ಕಮಾನುಗಳಲ್ಲಿ ಐದನೆಯ ದಿನಕ್ಕೇ ಕೊಡತಿ ಪುಟಿದು ಟಣ್ ಎನ್ನುತ್ತಿತ್ತು. ಇಲ್ಲಿ ಏಳನೆಯ ದಿನವೂ ಬರೀ ದಪ್ ದಪ್ ಎನ್ನುತ್ತಿತ್ತು. "ಥಂಡಿ ಹವಾ ಇತ್ತು, ತಡಾ ಆಗತೈತಿ," ಎಂದು ನಾನೇ ಎಲ್ಲರಿಗೂ ಹೇಳಿದೆ. ಮಾಘದ ಬಿಸಿಲು ಆಗಲೇ ತಲೆ ಸುಡುತ್ತಿತ್ತು.

ಇಪ್ಪತ್ತು ದಿನದ ಮೇಲೆ ಕಮಾನಿನ ಅಂಚಿನಲ್ಲಿ ಬಿಳಿ ಹೂವು ಬಂತು. ಸವಳು ನೆಲದ ಮೇಲೆ ಬೇಸಿಗೆಯಲ್ಲಿ ಏಳುತ್ತದಲ್ಲ, ಅಂಥದು. ಯಾರೂ ಇಲ್ಲದಾಗ ಒಂದು ಮೊಳೆ ಒತ್ತಿ ನೋಡಿದೆ. ಅರ್ಧ ಬೆರಳು ಒಳಗೆ ಹೋಯಿತು. ತಿರುಗಿದರೆ ಹಿಂದೆ ಮೌಲಾಸಾಬ ನಿಂತಿದ್ದ.

"ಈ ಹೂವು ಯಾಕ ಬಂತ್ರಿ ಸಾಹೇಬ್ರ?"

"ಹವಾ," ಎಂದೆ.

"ಹವಾ," ಎಂದು ಅವನೂ ಹೇಳಿದ. ಬೆರಳಿನಿಂದ ಅದನ್ನು ಒರೆಸಿ, ನಾಲಿಗೆಗೆ ಒಯ್ಯಹೋಗಿ, ಅರ್ಧಕ್ಕೆ ನಿಲ್ಲಿಸಿ, ಬೆರಳನ್ನು ಧೋತರಕ್ಕೆ ಒರೆಸಿಕೊಂಡ. ಆಗ ನಮ್ಮಿಬ್ಬರಿಗೂ ಗೊತ್ತಿತ್ತು. ಬೂದಿ ಕೆಟ್ಟದ್ದೆಂದು ಅವನು ಹೇಳಿದರೆ, ಹಾಗಾದರೆ ನೀನೇಕೆ ಹಾಕ್ರಿ ಎಂದೆ ಎಂದು ಊರು ಕೇಳುತ್ತದೆ. ನಾನು ಹೇಳಿದರೆ ನನ್ನ ನೌಕರಿ ಹೋಗುತ್ತದೆ. ಇಬ್ಬರೂ ಸುಮ್ಮನಿದ್ದೆವು. ವ್ಯತ್ಯಾಸವಿಷ್ಟೇ, ರೊಟ್ಟಿ ತಿನ್ನಲು ಕೆಳಗೆ ಕೂಡಬೇಕಾದವನು ನಾನಲ್ಲ.

ಹೋಳಿ ಮುಗಿದ ಮೂರನೆಯ ದಿನ ಕಟ್ಟಿಗೆ ತೆಗೆಯುವುದೆಂದು ಗೊತ್ತಾಯಿತು. ಓಣಿಯ ಮೇಲೆ ಇನ್ನೂ ಬಣ್ಣದ ಕಲೆಗಳಿದ್ದವು. ಊರ ಹಿರಿಯರು ಬಂದರು, ನೇಕಾರರು ಮಗ್ಗ ಬಿಟ್ಟು ಬಂದರು. ದೊಡ್ಡ ಸಾಹೇಬರು ಹುನಗುಂದದಿಂದ ಹೊರಟಿದ್ದಾರೆಂದು ಸುದ್ದಿ ಬಂತು. ಅವರು ಬರುವಷ್ಟರಲ್ಲಿ ಮುಗಿಸಿಬಿಡೋಣ ಎಂದು ನಾನು ಅವಸರ ಮಾಡಿದೆ.

ಮೌಲಾಸಾಬ ಒಗೆದ ಅಂಗಿ ತೊಟ್ಟಿದ್ದ. ಒಳಗೆ ಹೋಗಿ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಖಾಜಾಬಿ ತಾಟಿನಲ್ಲಿ ಸಜ್ಜೆ ರೊಟ್ಟಿ, ಮೇಲೆ ಒಂದಿಷ್ಟು ಶೇಂಗಾ ಹಿಂಡಿ ಚಟ್ನಿ ಇಟ್ಟುಕೊಂಡು ಬಂದಳು. ಬೂದಿಯ ಕಡೆಯಿಂದ ಓಡಿಸಿದ ಮೇಲೆ ಅವಳು ಕಮಾನಿನ ಹತ್ತಿರ ಬಂದದ್ದು ಅವತ್ತೇ ಮೊದಲು. ಗಂಡನ ಮುಂದೆ ತಾಟು ಇಟ್ಟು ಹಿಂದಿರುಗುವಾಗ ಅಂಚಿನ ಬಿಳಿ ಹೂವು ಕಂಡಿತು. ಉಗುರಿನಿಂದ ಕೆರೆದು ನಾಲಿಗೆಗಿಟ್ಟಳು. ನಾನು ನೋಡುತ್ತಿದ್ದೆ. ಅವಳು ಉಗುಳಲಿಲ್ಲ, ನುಂಗಿದಳು.

ನೇರ ನನ್ನ ಹತ್ತಿರ ಬಂದು, ಇನ್ನೊಬ್ಬರಿಗೆ ಕೇಳದ ಹಾಗೆ ಹೇಳಿದಳು:

"ಸಾಹೇಬ್ರ, ಅವರನ್ನ ಹೊರಗ ಕರೀರಿ."

"ನೀನಽ ಕರಿ."

"ನಾ ಕರದ್ರ ಬರೂದಿಲ್ರಿ. ಮಂದಿ ಐತಿ. ನೀವು ಹೇಳಿದ್ರ ಸರಕಾರಿ ಹುಕುಮ ಅಂತ ಬರ್ತಾರ. ನಿಮ್ಮ ಕಾಲು ಬೀಳ್ತೇನ್ರಿ."

"ಪದ್ಧತಿ ನಿಮ್ಮದು. ನಾ ಯಾಕ ಅಡ್ಡ ಬರ್ಲಿ?" ಎಂದೆ.

ಇದನ್ನು ಬರೆಯುವಾಗ ಕೈ ನಡುಗುತ್ತದೆ ಎಂದು ಬರೆದರೆ ಸುಳ್ಳಾದೀತು. ಕೈ ನಡುಗುವ ವಯಸ್ಸು ಹೇಗೂ ಆಗಿದೆ. ಅವತ್ತು ನಡುಗಬೇಕಿತ್ತು, ನಡುಗಲಿಲ್ಲ. ಕೈ ಎತ್ತಿ ಆಳುಗಳಿಗೆ ಸನ್ನೆ ಮಾಡಿದೆ.

ಮೊದಲ ಕಟ್ಟಿಗೆ ಬಂತು. ಮೌಲಾಸಾಬ ಒಂದು ತುತ್ತು ಮುರಿದ. ಎರಡನೆಯದು ಬಂತು. ಮೇಲಿನಿಂದ ಸಣ್ಣಗೆ ಪುಡಿ ಉದುರಿ ಅವನ ಹೆಗಲ ಮೇಲೆ ಬಿತ್ತು. ಅವನು ಅದನ್ನು ನೋಡಿದ, ಮತ್ತೊಂದು ತುತ್ತು ಮುರಿದ. ನಾಲ್ಕನೆಯ ಕಟ್ಟಿಗೆಯ ಹಗ್ಗಕ್ಕೆ ಆಳುಗಳು ಕೈ ಹಾಕಿದಾಗ ಖಾಜಾಬಿ ಒಳಗೆ ನುಗ್ಗಿದಳು. ಗಂಡನ ಕೈ ಹಿಡಿದು ಎಳೆಯಲಿಲ್ಲ. ಅವನ ಮುಂದಿನ ತಾಟನ್ನೇ ಕಸಿದುಕೊಂಡಳು.

"ಹೊಟ್ಟಿಬಾಕ! ಮನ್ಯಾಗ ಮಕ್ಕಳು ಉಪಾಸ ಕುಂತಾವ, ಇಲ್ಲಿ ಮಂದಿ ಮುಂದ ಕುಂತು ತಿಂತಿ!" ಎಂದು ಕಿರುಚಿ, ತಾಟು ಎತ್ತಿಕೊಂಡು ಹೊರಗೆ ಓಡಿದಳು.

ಅಷ್ಟು ಜನರೆದುರು ಹೆಂಡತಿ ಬಾಯಿಯ ತುತ್ತು ಕಸಿದರೆ ಯಾವ ಗಂಡಸು ಸುಮ್ಮನಿದ್ದಾನು? ಮೌಲಾಸಾಬ ಕೆಂಪಾಗಿ ಎದ್ದ. "ಏ ಹರಾಮಖೋರಿ, ನಿಂದರ್ಲೇ," ಎಂದು ಹೊಡೆಯಲು ಅವಳ ಹಿಂದೆ ಓಡಿ ಬಂದ. ಹೊಸ್ತಿಲು ದಾಟುವಾಗ ಕಮಾನು ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಹಸಿ ಮಣ್ಣಿನ ಗೋಡೆ ಕೂತ ಹಾಗೆ ಕೂತಿತು. ಧೂಳು ಇಳಿದಾಗ ಅವನು ಸೊಂಟದವರೆಗೆ ಹೊರಗಿದ್ದ, ಕಾಲುಗಳೆರಡೂ ಒಳಗಿದ್ದವು. ಖಾಜಾಬಿ ಅಂಗಳದ ನಡುವೆ ತಾಟು ಹಿಡಿದು ನಿಂತಿದ್ದಳು.

ಕಾಲು ಹೋದವು, ಜೀವ ಉಳಿಯಿತು. ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಡಿ ಎಂದು ಒಪ್ಪಿಕೊಂಡು ಈ ಬರಹ ನಿಲ್ಲಿಸುತ್ತಿದ್ದೆ. ಮರುದಿನ ಮಾಡಿದ್ದು ಹೇಡಿ ಮಾಡುವ ಕೆಲಸವಲ್ಲ.

ದೊಡ್ಡ ಸಾಹೇಬರು ಮೂರು ದಿನ ಬಿಟ್ಟು ವಿಚಾರಣೆ ಇಟ್ಟರು. ಅದಕ್ಕೆ ಮುಂಚೆ, ಕಮಾನು ಕುಸಿದ ಮರುದಿನವೇ, ನಾನು ಮೌಲಾಸಾಬನ ಮನೆಗೆ ಹೋದೆ. ಅವನು ಒಳಗೆ ಹೊರಸಿನ ಮೇಲೆ ನರಳುತ್ತಿದ್ದ. ಖಾಜಾಬಿ ಕಟ್ಟೆಗೆ ಬಂದು ನಿಂತಳು.

"ಅದು ಭಟ್ಟಿ ಬೂದಿ," ಎಂದಳು. ಈ ಸಲ ಸಾಹೇಬ್ರ ಅನ್ನಲಿಲ್ಲ. "ನಾ ರುಚಿ ನೋಡೀನಿ. ತಂದವ್ರು ನೀವು."

"ಹಂಗಂತ ಹೇಳು. ನಿನಗ ಹೆಂಗ ಗೊತ್ತಾತು ಅಂತ ಕೇಳ್ತಾರ. ರುಚಿ ನೋಡಿನಿ ಅಂತಿ. ನಿನ್ನ ಗಂಡ ನೋಡಲಿಲ್ಲೇನು ಅಂತ ಕೇಳ್ತಾರ. ಏನ್ ಹೇಳ್ತಿ?"

ನಾನು ಮುಂದುವರಿಸಿದೆ. ಇವನ್ನೆಲ್ಲ ದಾರಿಯಲ್ಲಿ ಹೊಂದಿಸಿಕೊಂಡೇ ಬಂದಿದ್ದೆ.

"ಅವನ ನಾಲಿಗಿ ಛಲೋ ಇತ್ತು ಅಂದ್ರ, ಗೊತ್ತಿದ್ದು ಕೆಟ್ಟ ಬೂದಿ ಹಾಕ್ಯಾನ ಅಂತ ಆತು. ಅದು ಸರಕಾರಕ್ಕ ಮೋಸ. ಕಾಲಿಲ್ಲದವನ್ನ ಹೊತಗೊಂಡ್ ಹೋಗಿ ಜೇಲಿಗೆ ಹಾಕ್ತಾರ. ನಾಲಿಗಿ ಸತ್ತಿತ್ತು ಅಂದ್ರ ಪಾಪ, ಮುದುಕ, ತಿಳೀಲಿಲ್ಲ ಅಂತ ಬಿಡ್ತಾರ. ನೀನಽ ಆರಿಸು."

"ನಾಲಿಗಿ ಹೋದ್ರ ಅವರಿಗೆ ಏನ್ ಉಳೀತೈತ್ರಿ?" ಎಂದಳು.

"ಜೀವ," ಎಂದೆ.

ಬೇವಿನ ಮರದ ಕೆಳಗೆ ವಿಚಾರಣೆ ನಡೆಯಿತು. ಸಾಹೇಬರು ಕುರ್ಚಿಯಲ್ಲಿ, ಊರ ಹಿರಿಯರು ಜಮಖಾನೆಯ ಮೇಲೆ, ಸುತ್ತಲ ಹಳ್ಳಿಗಳ ಗೌಂಡಿಗಳು ನಿಂತೇ ಇದ್ದರು. ಮೌಲಾಸಾಬನನ್ನು ಹೊರಸಿನ ಸಮೇತ ತಂದು ಇಟ್ಟಿದ್ದರು. ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಮಾತು ತಿರುಗಿಸಿ ಹೇಳುವವನು ನಾನೇ.

ಖಾಜಾಬಿ ಸೆರಗು ಬಿಗಿದುಕೊಂಡು ನಿಂತು ಹೇಳಿದಳು: "ನನ್ನ ಗಂಡನ ನಾಲಿಗಿ ಸತ್ತು ಮೂರು ವರ್ಷ ಆತ್ರಿ. ಅವತ್ತಿನಿಂದ ಬೂದಿ ರುಚಿ ನೋಡಾಕಿ ನಾ. ಮೂರನೇ ಕಮಾನಿಗೆ ನನ್ನ ಅಲ್ಲಿಂದ ಎಬ್ಬಿಸಿ ನೀರಿಗೆ ಕಳಿಸಿದ್ರು. ಯಾಕ ಕಳಿಸಿದ್ರು ಅಂತ ಕಳಿಸಿದವರನ್ನ ಕೇಳ್ರಿ."

ಗೌಂಡಿಗಳ ನಡುವೆ ಗುಜುಗುಜು ಎದ್ದಿತು. ಮಗ ಇಮಾಮ ಬಾಯಿ ತೆರೆದು ತಾಯಿಯನ್ನು ನೋಡುತ್ತಿದ್ದ. ನಾನು ಸಾಹೇಬರ ಕಡೆ ತಿರುಗಿ, ಗೌಂಡಿಯ ನಾಲಿಗೆಗೆ ರುಚಿ ತಿಳಿಯುತ್ತಿರಲಿಲ್ಲ, ಅದನ್ನು ಮುಚ್ಚಿಟ್ಟಿದ್ದರು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ತಲೆಯಾಡಿಸಿ ಬರೆದುಕೊಂಡರು.

ಖಾಜಾಬಿ ನನ್ನನ್ನೇ ನೋಡುತ್ತಿದ್ದಳು. "ನಾ ಹೇಳಿದ್ದು ಉದ್ದ ಇತ್ತಲ್ರಿ," ಎಂದಳು. "ನಿಮ್ಮದು ಭಾಳ ಸಣ್ಣದಾತು."

ಕೇಳಿದವರಲ್ಲಿ ಅರ್ಧ ಜನಕ್ಕೆ ಅರ್ಥವಾಗಿರಬೇಕು. ಆದರೆ ಸರಕಾರಿ ಮನುಷ್ಯನ ಎದುರು ಬಾಯಿ ಬಿಡುವವರು ಯಾರು? ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿಸಿದವನೂ ನಾನೇ. ಮೌಲಾಸಾಬ ಅಷ್ಟೂ ಹೊತ್ತು ಆಕಾಶ ನೋಡುತ್ತಿದ್ದ. ಹೊರಸು ಎತ್ತುವಾಗ ಮಾತ್ರ ಒಬ್ಬ ಹಳೆಯ ಗೌಂಡಿ ಬಾಗಿ, "ಖರೆ ಏನೋ ಮೌಲಾ?" ಎಂದು ಕೇಳಿದ. ಮೌಲಾಸಾಬ ಗೋಣು ಆ ಕಡೆ ಹೊರಳಿಸಿದ. ಅವನ ನಾಲಿಗೆ ನಂಬಿ ಕಟ್ಟಿದ ಮನೆಗಳು ಸುತ್ತಮುತ್ತ ಎಷ್ಟೋ ಇದ್ದವು. ಆ ವಾರ ಜನ ತಮ್ಮ ತಮ್ಮ ಮಾಳಿಗೆಗಳನ್ನು ತಟ್ಟಿ ನೋಡಿದರಂತೆ.

ನಾನು ಇನ್ನೆರಡು ತಿಂಗಳು ಆ ಊರಲ್ಲಿದ್ದೆ. ಮೂರನೆಯ ಕೋಣೆಗೆ ತಗಡು ಹೊದಿಸಿದೆವು. ಮೌಲಾಸಾಬ ಮನೆಯಲ್ಲಿ ಉಪ್ಪು ಹಾಕಿದ ಅಡುಗೆ ಮುಟ್ಟುವುದಿಲ್ಲವೆಂದು ಆಳುಗಳು ಆಡಿಕೊಳ್ಳುತ್ತಿದ್ದರು. "ಸತ್ತ ನಾಲಿಗಿಗೆ ಉಪ್ಪು ಯಾಕ?" ಎಂದು ತಾಟು ಸರಿಸುತ್ತಾನಂತೆ. ಖಾಜಾಬಿಯೂ ತನ್ನ ಅಡುಗೆಗೆ ಉಪ್ಪು ಬಿಟ್ಟಳಂತೆ. ಇಮಾಮನನ್ನು ಗಚ್ಚಿನ ಕೆಲಸಕ್ಕೆ ಯಾರೂ ಕರೆಯಲಿಲ್ಲ, ಅವನು ಮಗ್ಗಕ್ಕೆ ಕೂತ. ಹೊಟ್ಟಿನ ಬೂದಿಯ ಎರಡು ಕಮಾನುಗಳನ್ನು ನೋಡಿ ಮೆಚ್ಚಿದ ಸಾಹೇಬರು ನನಗೆ ಬಡ್ತಿ ಕೊಡುವಂತೆ ಬರೆದರು. ಮುಂದೆ ಮೂವತ್ತು ವರ್ಷ ನಾನು ಹೋದಲ್ಲೆಲ್ಲ ಆ ಗಚ್ಚನ್ನೇ ಹಾಕಿಸಿದೆ. ಎಲ್ಲಿಯೂ ಒಂದು ಬಿರುಕು ಬಿಡಲಿಲ್ಲ. ಪ್ರತಿ ಚೀಲಕ್ಕೂ ನಾನೇ ಬಾಯಿ ಮುಕ್ಕಳಿಸಿ ನಾಲಿಗೆಗೆ ಇಡುತ್ತಿದ್ದೆ. ಯಾರಾದರೂ ಕೇಳಿದರೆ ಇದು ನನ್ನದೇ ಕ್ರಮ ಎನ್ನುತ್ತಿದ್ದೆ.

ಹೋದ ವರ್ಷ ಆ ದವಾಖಾನೆಯ ಅಂಗಳದಲ್ಲಿ ನಿಂತಾಗ ಎರಡು ಕಮಾನುಗಳು ಹಾಗೆಯೇ ಇದ್ದವು. ಮೂರನೆಯದರ ತಗಡು ಮಾತ್ರ ತುಕ್ಕು ಹಿಡಿದಿತ್ತು. ರೋಗಿಗಳು ನೆರಳಲ್ಲಿ ಕೂತಿದ್ದರು. ಕಂಪೌಂಡರ್ ಬಾಗಿಲಿಗೆ ಬಂದು ಚೀಟಿ ನೋಡಿ ಕೂಗಿದ:

"ಸಪ್ಪನಾಲಿಗಿ ಮೌಲಾಸಾಬ!"

ನನ್ನ ಊರುಗೋಲು ಕೈಯಿಂದ ಜಾರಿತು. ಇಪ್ಪತ್ತರ ಒಬ್ಬ ಹುಡುಗ ಎದ್ದು ಬಂದವನು ಬಾಗಿ ಅದನ್ನು ಎತ್ತಿಕೊಟ್ಟ. ಉದ್ದನೆಯ ಆಳು. ಬೆರಳ ತುದಿಗೆ ನೂಲಿನ ಕೆಂಪು ಬಣ್ಣ ಹತ್ತಿತ್ತು.

"ಸಂಭಾಳಿಸ್ರಿ ಅಜ್ಜಾರ," ಎಂದ.

ನಮ್ಮ ಕಡೆ ಅಡ್ಡಹೆಸರು ಹೀಗೆಯೇ ಹುಟ್ಟುತ್ತವೆ. ಯಾರೋ ಒಮ್ಮೆ ಆಡಿದ ಮಾತು ಮನೆತನಕ್ಕೆ ಅಂಟಿಕೊಂಡು, ಸಾಲೆಯ ಪಟ್ಟಿಗೆ ಏರಿ, ಮೊಮ್ಮಕ್ಕಳ ಮದುವೆ ಕಾಗದದಲ್ಲೂ ಬರುತ್ತದೆ. ಅದನ್ನು ತಿಳಿದೂ ಕೇಳಿದೆ:

"ಏನಪಾ ಇದು ಅಡ್ಡಹೆಸರು?"

ಹುಡುಗ ನಕ್ಕ. ಆ ಹೆಸರಿನಿಂದ ಅವನಿಗೆ ನೋವೇನೂ ಇರಲಿಲ್ಲ. "ಮೊದಲ ನಾವು ಗೌಂಡ್ಯಾರು ಅಂತ್ರಿ. ನಮ್ಮ ಮುತ್ಯಾ, ನನಗ ಅವಂದಽ ಹೆಸರು, ದೊಡ್ಡ ಭಕ್ತ ಇದ್ದಾ. ಏನೋ ಹರಕಿ ಹೊತ್ತು ಸಾಯೂತನಕ ಉಪ್ಪು ಬಿಟ್ಟಿದ್ನಂತ. ಅವ್ವಮ್ಮನೂ ಬಿಟ್ಟಿದ್ಲಂತ. ಅದಕ ಸಪ್ಪನಾಲಿಗಿ ಅಂತಾರಂತ. ಹಿಂದಿನವ್ರು ಯಾರಿಗರೆ ಪೂರಾ ಗೊತ್ತಿರಬೇಕ್ರಿ. ನೀವು ವಯಸ್ಸಾದವ್ರು, ನಿಮಗೇನರ ಗೊತ್ತೈತೇನ್ರಿ?"

ಕಂಪೌಂಡರ್ ಮತ್ತೆ ಕೂಗಿದ. ಹುಡುಗ ಹೋಗದೆ ನನ್ನ ಉತ್ತರಕ್ಕೆ ಕಾದು ನಿಂತಿದ್ದ.

"ಇಲ್ಲಪಾ," ಎಂದೆ. "ನಾ ಈ ಊರಾಂವ ಅಲ್ಲ."